ಸೇತುವೆಯ ಶಿರದ ಮೇಲೊಂದು ಭೋಜನಶಾಲೆ

ಡ್ಯಾನ್ಯೂಬ್ ನದಿಯ ದಂಡೆಯ ನಗರಗಳೆಂದೊಡನೆ ವಿಯೆನ್ನಾವನ್ನೂ ಬುಡಾಪೆಸ್ಟನ್ನೂ ಹೊಗಳುವವರು ಅನೇಕರು. ಅವೆರಡರ ನಡುವೆ, ವಿಯೆನ್ನಾದಿಂದ ಸುಮಾರು ೬೦ ಕಿಲೋಮೀಟರು ದೂರದಲ್ಲಿ, ಅದೇ ನದಿಯ ನೀರನ್ನೇ ಕುಡಿದು ಬೆಳೆದ ಬ್ರಾತಿಸ್ಲಾವಾವನ್ನು ನೆನೆಯುವವರು ವಿರಳ. ಸ್ಲೊವಾಕಿಯಾ ೧೯೯೩ರಲ್ಲಿ ಸ್ವತಂತ್ರ ರಾಷ್ಟ್ರವಾದಾಗ ರಾಜಧಾನಿಯ ಪದವಿಗೇರಿದ ಈ ಊರಿನ ಜನಸಂಖ್ಯೆ ೨೦೨೧ರ ಗಣತಿಯಂತೆ ೪,೭೫,೦೦೦ದಷ್ಟು; ನಮ್ಮ ಮೈಸೂರು ನಗರದ ಅರ್ಧವೆಂದರೆ ತಪ್ಪಾಗದು. ನಾನು ಈ ಯಾತ್ರೆಯಲ್ಲಿ ಇನ್ನೂ ದೊಡ್ಡ ಊರುಗಳನ್ನು, ಇನ್ನೂ ಭವ್ಯವಾದ ಸೌಧಗಳನ್ನು ನೋಡಿದೆನಾದರೂ ಹಿಂದಿರುಗಿ ಇಷ್ಟು ಕಾಲವಾದ ಮೇಲೂ ಮನಸ್ಸನ್ನು ಬಿಡದೆ ಹಿಡಿದಿರುವುದು ಈ ಮಧ್ಯಮಗಾತ್ರದ ಊರು. ಅದರಲ್ಲಿಯೂ ಅಲ್ಲಿಯ ಸೇತುವೆಯೊಂದರ ನೆತ್ತಿಯ ಮೇಲೆ, ನೆಲದಿಂದ ಬಹು ಎತ್ತರದಲ್ಲಿ ಕುಳಿತು ಉಂಡ ಒಂದು ಸಂಜೆ. ಅಲ್ಲಿಯ ನೋಟ ಅತಿ ರಮಣೀಯವಾಗಿತ್ತು. ಆ ರಮ್ಯತೆಯನ್ನು ಒಪ್ಪಿಕೊಳ್ಳಲೂ ಆಗದೆ ಅಲ್ಲಗಳೆಯಲೂ ಆಗದೆ ಉಳಿದಿರುವುದೇ ಈ ಬರೆಹಕ್ಕೆ ಕಾರಣ.

ನನ್ನ ತಂಗಿಯ ಮಗನು ಅಲ್ಲಿಯ ಮೋಟಾರು ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿ ನೆಲೆಸಿ ಕೆಲವು ವರ್ಷಗಳಾದುವು. ಅವನ ಮನೆ ಇರುವುದು ನದಿಯ ದಕ್ಷಿಣ ದಂಡೆಯ ಪೆಟರ್ಝಲ್ಕಾದಲ್ಲಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಆ ಸ್ಥಳದಲ್ಲಿ ೧೯೭೦ರ ದಶಕದಿಂದೀಚೆಗೆ ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದ ಕಾಂಕ್ರೀಟಿನ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ ಎಬ್ಬಿಸಿದ ಬಹುಮಹಡಿಯ ವಸತಿಗಳು ಸಾಲುಸಾಲಾಗಿ ನಿಂತಿವೆ. ಇಂದು ಲಕ್ಷಕ್ಕೂ ಮಿಕ್ಕಿದ ಜನ ಅಲ್ಲಿ ವಾಸವಾಗಿದ್ದಾರೆ. ಒಂದೇ ಅಚ್ಚಿನ ಆ ಮನೆಗಳ ಬೂದುಬಣ್ಣವನ್ನು ಮರೆಸಲೆಂದು ಈಚೆಗೆ ಹಳದಿ, ಕಿತ್ತಳೆ, ಹಸುರು ಬಣ್ಣಗಳನ್ನು ಬಳಿದಿದ್ದಾರೆ. ಹೊರಗಿನಿಂದ ನಿರುತ್ಸಾಹಕರವಾಗಿ ಕಂಡ ಆ ಕಟ್ಟಡದ ಒಳಗೆ ಕಾಲಿಟ್ಟಾಗ ಮಾತ್ರ, ಬೆಚ್ಚನೆಯ ಕೋಣೆ, ಕಿಟಕಿಯ ಪಕ್ಕದಲ್ಲಿ ಕುಂಡದ ತುಳಸಿ, ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಪರಿಮಳ ಇವುಗಳಿಂದಾಗಿ ಪರದೇಶಕ್ಕೆ ಬಂದಿದ್ದೇನೆಂಬ ಭಾವ ಅರ್ಧಕ್ಕರ್ಧ ಇಳಿದುಹೋಯಿತು.

“ಮಾವ, ಊರು ನೋಡೋಕೆ ಬಸ್ಸಿನಲ್ಲಿ ಹೋಗೋದು ಬೇಡ, ನಡೆದೇ ಹೋಗೋಣ, ಸೇತುವೆ ದಾಟೋದೇ ಒಂದು ನೋಟ” ಎಂದನು ನನ್ನ ಸೋದರಳಿಯ.

ಕಾರ್ತಿಕದ ಬೆಳಗು. ಡ್ಯಾನ್ಯೂಬಿನ ಮೇಲೆ ಮಂಜು ಎಳೆಯೆಳೆಯಾಗಿ ಕದಲುತ್ತಿತ್ತು. ದಂಡೆಯ ಉದ್ಯಾನವನ್ನು ಹಾದು (ಅದು ೧೭೭೦ರ ದಶಕದಲ್ಲಿ ಸಾರ್ವಜನಿಕರಿಗಾಗಿಯೇ ನಿರ್ಮಿತವಾದುದು, ಯೂರೋಪಿನ ಅತಿ ಪ್ರಾಚೀನ ಸಾರ್ವಜನಿಕ ಉದ್ಯಾನಗಳಲ್ಲೊಂದು) ನಾವು ಸೇತುವೆಯ ಬುಡಕ್ಕೆ ಬಂದೆವು. ಇದರ ಹೆಸರು ‘ಮೋಸ್ತ್ ಎಸ್.ಎನ್.ಪಿ.’, ೧೯೪೪ರಲ್ಲಿ ನಾಟ್ಸಿಗಳ ವಿರುದ್ಧ ಸ್ಲೊವಾಕರು ನಡೆಸಿದ ರಾಷ್ಟ್ರೀಯ ಬಂಡಾಯದ ಸ್ಮರಣಾರ್ಥವಾಗಿ ಇಟ್ಟ ಹೆಸರು. ೧೯೬೭ರಲ್ಲಿ ಪ್ರಾರಂಭವಾದ ಕೆಲಸ ಮುಗಿದು ೧೯೭೨ರ ಆಗಸ್ಟಿನಲ್ಲಿ ಅದು ಸಂಚಾರಕ್ಕೆ ತೆರೆಯಿತು. ನದಿಯ ಮಧ್ಯದಲ್ಲಿ ಒಂದೇ ಒಂದು ಕಂಬವೂ ಇಲ್ಲ. ಪೆಟರ್ಝಲ್ಕಾದ ಕಡೆಯಲ್ಲಿ ಎರಡು ಕಾಲುಗಳನ್ನು ಅಗಲಿಸಿ ಹಿಂದಕ್ಕೆ ತುಸು ವಾಲಿ ನಿಂತ ಉಕ್ಕಿನ ಸ್ತಂಭವೊಂದು, ತನ್ನ ತಲೆಯಿಂದ ಇಳಿಬಿಟ್ಟ ಉಕ್ಕಿನ ಹುರಿಗಳಿಂದ ೩೦೩ ಮೀಟರು ಉದ್ದದ ಹಾಸನ್ನು ನೀರಿನ ಮೇಲೆ ಎತ್ತಿ ಹಿಡಿದಿದೆ. ಆ ಸ್ತಂಭದ ನೆತ್ತಿಯಲ್ಲಿ, ನೆಲದಿಂದ ಸುಮಾರು ೯೫ ಮೀಟರು ಎತ್ತರದವರೆಗೆ ಏರುವ, ದುಂಡನೆಯ ತಟ್ಟೆಯಾಕಾರದ ಕೋಣೆಯೊಂದು ಕುಳಿತಿದೆ, ಅದೇ ಭೋಜನಶಾಲೆ. ಮೊದಲಿಗೆ ಅದರ ಹೆಸರು ‘ಬಿಸ್ತ್ರಿತ್ಸಾ’ ಎಂದಿತ್ತಂತೆ. ಆಕಾಶದಿಂದ ಇಳಿದುಬಂದ ಯಂತ್ರದಂತೆ ಕಾಣುವುದರಿಂದ ಈಗ ಎಲ್ಲರೂ ಅದನ್ನು ‘ಯೂಫೋ’ ಎಂದೇ ಕರೆಯುತ್ತಾರೆ. ಯೋಸೆಫ್ ಲಾತ್ಸ್ಕೊ, ಲಾದಿಸ್ಲಾವ್ ಕುಶ್ನೀರ್, ಇವಾನ್ ಸ್ಲಾಮೆನ್ಯ್ ಎಂಬ ವಾಸ್ತುಶಿಲ್ಪಿಗಳೂ ಆರ್ಪಾದ್ ತೆಸಾರ್ ಎಂಬ ಎಂಜಿನಿಯರೂ ಕೂಡಿ ರಚಿಸಿದ ಈ ಸೇತುವೆಯನ್ನು ಸ್ಲೊವಾಕರು ೨೦೦೧ರಲ್ಲಿ ತಮ್ಮ ನಾಡಿನ ಶತಮಾನದ ಕಟ್ಟಡವೆಂದು ಆರಿಸಿ ಗೌರವಿಸಿದರು.

ಪಾದಚಾರಿಗಳ ದಾರಿ ಇರುವುದು ವಾಹನಗಳ ಹಾಸಿಗಿಂತ ಕೆಳಗೆ, ಅದರ ಎರಡು ಮಗ್ಗುಲಿಗೆ. ತಲೆಯ ಮೇಲುಗಡೆ ಬಸ್ಸು ಲಾರಿಗಳು ಓಡುವ ಗುಡುಗು, ಕಾಲ ಕೆಳಗೆ ರಭಸವಾಗಿ ಸಾಗುವ ಹೊನಲು. ಇವೆರಡರ ನಡುವೆ ನಡೆಯುವಾಗ ಉಕ್ಕಿನ ಅದುರು ಅಂಗಾಲಿನಿಂದ ಮೊಣಕಾಲಿನವರೆಗೆ ಏರುತ್ತದೆ. ನಡೆದಂತೆ ನಡೆದಂತೆ ಎದುರಿನ ದಂಡೆಯ ಊರು ಮಂಜಿನೊಳಗಿನಿಂದ ಒಂದೊಂದೇ ಅಂಗವಾಗಿ ಹೊರಬಂದಿತು. ಎಡಕ್ಕೆ ದಿಬ್ಬದ ಮೇಲೆ ಚಚ್ಚೌಕವಾದ ಬಿಳಿಯ ಕೋಟೆ. ನಾಲ್ಕು ಮೂಲೆಗಳಿಗೂ ಒಂದೊಂದು ಗೋಪುರವಿರುವುದರಿಂದ ಅಲ್ಲಿಯ ಜನ ಅದನ್ನು ತಲೆಕೆಳಗಾಗಿಟ್ಟ ಮೇಜೆಂದು ಅಕ್ಕರೆಯಿಂದ ಹೇಳುತ್ತಾರೆ. ೧೮೧೧ರ ಬೆಂಕಿಯಲ್ಲಿ ಸುಟ್ಟುಹೋದ ಆ ಕೋಟೆ ಒಂದೂವರೆ ಶತಮಾನದಷ್ಟು ಕಾಲ ಮಾಡಿಲ್ಲದೆ ಪಾಳುಬಿದ್ದಿದ್ದು, ೧೯೫೦ರ ದಶಕದಲ್ಲಿ ಮೊದಲಾದ ಜೀರ್ಣೋದ್ಧಾರದಿಂದ ಮತ್ತೆ ತಲೆಯೆತ್ತಿತು. ನಮ್ಮ ಅರಮನೆಯೂ ೧೮೯೭ರಲ್ಲಿ ಸುಟ್ಟು ಹದಿನೈದು ವರ್ಷಗಳೊಳಗಾಗಿ ಮರುಹುಟ್ಟು ಪಡೆಯಿತಷ್ಟೆ. ಅರಸರಿದ್ದ ಊರಿಗೂ ಅರಸರು ಬಿಟ್ಟುಹೋದ ಊರಿಗೂ ಇರುವ ಅಂತರ ಇಲ್ಲಿಯೇ ಕಾಣುತ್ತದೆಂದುಕೊಂಡೆ. ಬಲಕ್ಕೆ ಸಂತ ಮಾರ್ಟಿನನ ಮಹಾದೇವಾಲಯದ ೮೫ ಮೀಟರಿನ ಗೋಪುರ. ಅದರ ತುದಿಯಲ್ಲಿ ಶಿಲುಬೆಯ ಕೆಳಗೆ ದಿಂಬಿನ ಮೇಲೆ ಇಟ್ಟಂತಿರುವ ಚಿನ್ನದ ಲೇಪದ ಕಿರೀಟ. ತುರ್ಕರು ಬುಡಾ ನಗರವನ್ನು ಹಿಡಿದ ಮೇಲೆ ಹಂಗೆರಿಯ ರಾಜ್ಯಕ್ಕೆ ಈ ಊರೇ ರಾಜಧಾನಿಯಾಯಿತು. ೧೫೬೩ರಿಂದ ೧೮೩೦ರವರೆಗೆ ಹಂಗೆರಿಯ ಬಹುತೇಕ ದೊರೆಗಳ ಪಟ್ಟಾಭಿಷೇಕಗಳು ಇಲ್ಲಿಯೇ ನಡೆದುವು. ಮರಿಯಾ ತೆರೇಸಾ ಕಿರೀಟ ಧರಿಸಿದುದು ೧೭೪೧ರಲ್ಲಿ, ಇದೇ ಗೋಪುರದ ಅಡಿಯಲ್ಲಿ.

ಕೋಟೆ ಎಡಕ್ಕೆ, ದೇವಾಲಯ ಬಲಕ್ಕೆ. ಇವೆರಡರ ನಡುವೆ ಏನಿರಬೇಕಾಗಿತ್ತೋ ಅದರ ಜಾಗದಲ್ಲಿ ಸೇತುವೆಯ ರಸ್ತೆ ನೇರವಾಗಿ ನುಗ್ಗಿದೆ. ನಾವು ಆಚೆ ದಂಡೆಗೆ ಇಳಿದು ಮೆಟ್ಟಿಲ ಪಕ್ಕದ ಪುಟ್ಟ ಚೌಕಕ್ಕೆ ಬಂದಾಗ ಕರಿಯ ಕಲ್ಲಿನ ಗೋಡೆಯೊಂದರ ಮೇಲೆ ಕೊರೆದ ಚಿತ್ರವನ್ನು ನೋಡಿದೆ. ಎರಡು ಗೋಪುರಗಳು, ಮೂರಿಶ್ ಶೈಲಿಯ ಕಮಾನುಗಳು, ಸೂಕ್ಷ್ಮವಾದ ಅಲಂಕಾರಗಳು. ಅದರ ಬೆನ್ನಿಗೆ ಸಂತ ಮಾರ್ಟಿನನ ಗೋಪುರ. ೧೮೯೩ರಲ್ಲಿ ಸುಧಾರಣಾಪಂಥದ ಯಹೂದ್ಯರು ಇದೇ ಸ್ಥಳದಲ್ಲಿ ಕಟ್ಟಿಸಿದ ಸಿನಗಾಗ್ ಅದು. ಕ್ರೈಸ್ತರ ಮಹಾದೇವಾಲಯವೂ ಯಹೂದ್ಯರ ಪ್ರಾರ್ಥನಾಮಂದಿರವೂ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರದಲ್ಲಿ ಮುಕ್ಕಾಲು ಶತಮಾನ ನಿಂತಿದ್ದುವು. ೧೯೪೨ರ ವಸಂತದಿಂದ ಶರತ್ಕಾಲದೊಳಗಾಗಿ ಸ್ಲೊವಾಕಿಯಾದಿಂದ ಸುಮಾರು ೫೮,೦೦೦ ಯಹೂದ್ಯರನ್ನು ರೈಲುಗಳಲ್ಲಿ ತುಂಬಿ ಸಾವಿನ ಶಿಬಿರಗಳಿಗೆ ಸಾಗಿಸಿದರು; ಮರಳಿದವರು ಎಲ್ಲೋ ಕೆಲವರು. ಪ್ರಾರ್ಥಿಸುವವರಿಲ್ಲದ ಮಂದಿರ ಬೇರೆ ಬೇರೆ ಉಪಯೋಗಗಳಿಗೆ ಒದಗುತ್ತ ಉಳಿದು, ಕಡೆಗೆ ೧೯೬೯ರಲ್ಲಿ, ಸೇತುವೆಗೆ ಹೋಗುವ ರಸ್ತೆಗಾಗಿ ನೆಲಸಮವಾಯಿತು. ಅದರೊಂದಿಗೆ ಕೋಟೆಯ ದಿಬ್ಬದ ಅಡಿಯ ಯಹೂದ್ಯರ ಕೇರಿಯ ಬಹುಭಾಗವೂ ಹೋಯಿತು.

ಕೇರಿಯಲ್ಲಿ ಉಳಿದಿರುವುದನ್ನು ನೋಡಬೇಕೆಂದು ನಾನು ಹಟ ಹಿಡಿದೆ. ರಸ್ತೆಯ ಆಚೆಗೆ ಹೋಗಿ ನೋಡಲಾಗಿ ಯಹೂದ್ಯರ ಬೀದಿ ಎಂಬ ಹೆಸರು ಇನ್ನೂ ಇದೆ. ಬೀದಿಗೆ ಇರಬೇಕಾದ ಎರಡು ಸಾಲುಗಳಲ್ಲಿ ಒಂದು ಬದಿಯದು ಮಾತ್ರ ಅಲ್ಪಸ್ವಲ್ಪ ಉಳಿದಿದೆ. ಒಂದು ಮೂಲೆಯಲ್ಲಿ, ೧೭೬೦ರ ದಶಕದ ಇಕ್ಕಟ್ಟಾದ, ನಸುಹಳದಿಯ ಮನೆಯೊಂದು, ನೆರೆಮನೆಗಳನ್ನೆಲ್ಲ ಕಳೆದುಕೊಂಡು ಏಕಾಕಿಯಾಗಿ ನಿಂತಿತ್ತು. ಗೋಡೆಯ ಮೂಲೆಯಲ್ಲಿ ಕುರುಬನ ರೂಪದ ಕ್ರಿಸ್ತನ ವಿಗ್ರಹವಿರುವುದರಿಂದ ‘ಒಳ್ಳೆಯ ಕುರುಬನ ಮನೆ’ ಎಂದು ಅದರ ಹೆಸರು. ಈಗ ಅದರೊಳಗೆ ಹಳೆಯ ಗಡಿಯಾರಗಳ ಸಂಗ್ರಹಾಲಯ. ಒಂದು ಮಹಡಿಗೆ ಒಂದೇ ಕೋಣೆಯಷ್ಟು ಕಿರಿದಾದ ಆ ಮನೆಯಲ್ಲಿ ಸುರುಳಿ ಮೆಟ್ಟಿಲನ್ನು ಹತ್ತುತ್ತಿದ್ದಾಗ ಗೋಡೆಗಳೆಲ್ಲ ಗಡಿಯಾರಗಳು. ಹೊರಗೆ, ಕಿಟಕಿಗೆ ನೇರವಾಗಿ, ಸೇತುವೆಯ ಕಡೆಗೆ ಎಡೆಬಿಡದೆ ಧಾವಿಸುವ ವಾಹನಗಳು.

ಭೋಜನಶಾಲೆಗೆ ಸಂಜೆ ಹೋದೆವು. ಸ್ತಂಭದ ಒಂದು ಕಾಲಿನೊಳಗೆ ಲಿಫ್ಟು, ಇನ್ನೊಂದು ಕಾಲಿನೊಳಗೆ ಆಪತ್ಕಾಲಕ್ಕಾಗಿ ೪೩೦ ಮೆಟ್ಟಿಲುಗಳು. ಕಾಲು ವಾಲಿಕೊಂಡಿರುವುದರಿಂದ ಲಿಫ್ಟೂ ಓರೆಯಾಗಿ ಏರುತ್ತದೆ. ಮುಕ್ಕಾಲು ನಿಮಿಷದೊಳಗೆ ಬಾಗಿಲು ತೆರೆದರೆ ಸುತ್ತಲೂ ಗಾಜು, ಗಾಜಿನಾಚೆಗೆ ಸಂಧ್ಯೆ. ಮೊದಲು ಒಂದು ಅಂತಸ್ತು ಮೆಟ್ಟಿಲು ಹತ್ತಿ ಬಯಲು ಮಾಳಿಗೆಯಲ್ಲಿ ನಿಂತೆವು. ಗಾಳಿ ಕಿವಿಯನ್ನು ಕತ್ತರಿಸುವಂತಿತ್ತು. ಪಶ್ಚಿಮಕ್ಕೆ ಆಸ್ಟ್ರಿಯಾದ ಬಯಲಿನಲ್ಲಿ ನೂರಾರು ಗಾಳಿಯಂತ್ರಗಳು ಕೆಂಬಣ್ಣದ ಆಕಾಶಕ್ಕೆ ಎದುರಾಗಿ ತಿರುಗುತ್ತಿದ್ದುವು. ದಕ್ಷಿಣಕ್ಕೆ ಪೆಟರ್ಝಲ್ಕಾದ ಮನೆಗಳ ಅಸಂಖ್ಯಾತ ಕಿಟಕಿಗಳಲ್ಲಿ ದೀಪಗಳು ಹತ್ತತೊಡಗಿದ್ದುವು. ಉತ್ತರಕ್ಕೆ ನದಿಯ ಆಚೆ ಕೋಟೆ, ದೇವಾಲಯ, ಹಳೆಯ ಊರಿನ ಕೆಂಪು ಹೆಂಚಿನ ಮಾಡುಗಳು, ಇವುಗಳ ಹಿಂದೆ ಸಣ್ಣ ಕಾರ್ಪೇಥಿಯನ್ ಬೆಟ್ಟಗಳ ನೀಲಿ ರೇಖೆ, ಅದರ ಮೇಲೆ ದೂರದರ್ಶನದ ಗೋಪುರ. ಬದುಕಿನಲ್ಲಿ ನಾನು ಕಂಡ ಅತ್ಯಂತ ಸಮಗ್ರವಾದ ನಗರದರ್ಶನಗಳಲ್ಲಿ ಇದೊಂದು. ನಮಗೆ ಇಂಥ ನೋಟವನ್ನು ದಯಪಾಲಿಸಿರುವುದು ಚಾಮುಂಡಿ ಬೆಟ್ಟ. ನಂದಿಯ ದಾರಿಯ ತಿರುವಿನಲ್ಲಿ ನಿಂತು ಅರಮನೆಯನ್ನೂ ಕೆರೆಗಳನ್ನೂ ಗುರುತುಹಿಡಿಯುವಾಗ ನಮ್ಮ ಕಾಲಡಿಯ ಎತ್ತರ ಯಾರ ಮನೆಯನ್ನೂ ಕೆಡವಿ ಪಡೆದುದಲ್ಲ. ಅದು ಅನಾದಿಯಿಂದ ಅಲ್ಲಿಯೇ ಇದ್ದುದು. ಮನುಷ್ಯರು ಕಟ್ಟಿಕೊಂಡ ಔನ್ನತ್ಯದ ಬೆಲೆ ಬೇರೆ.

ಕಿಟಕಿಯ ಪಕ್ಕದ ಮೇಜಿಗೆ ಕುಳಿತೆವು. ಮಾಂಸಾಹಾರವೇ ಪ್ರಧಾನವಾದ ಆ ನಾಡಿನಲ್ಲಿ ನನ್ನ ಊಟದ ವಿಚಾರವನ್ನು ಸೋದರಳಿಯ ಮೊದಲೇ ಹೇಳಿಟ್ಟಿದ್ದುದರಿಂದ ಬಡಿಸುವ ಹುಡುಗ ಅಣಬೆಯ ಸಾರನ್ನೂ ಹುರಿದ ಕುಂಬಳದ ಒಂದು ಭಕ್ಷ್ಯವನ್ನೂ ಶ್ರದ್ಧೆಯಿಂದ ತಂದಿಟ್ಟನು. ಅಣಬೆಯ ಸಾರು ಬಹಳ ಚೆನ್ನಾಗಿತ್ತು. ಕಾಡಿನ ವಾಸನೆ ಅದರಲ್ಲಿ ಇನ್ನೂ ಹೋಗಿರಲಿಲ್ಲ. ಊಟದ ನಡುವೆ ನನ್ನ ಕಣ್ಣು ನೀರಿನ ಲೋಟದ ಮೇಲೆ ಬಿದ್ದಿತು. ಅಲುಗಾಡದ ಮೇಜಿನ ಮೇಲೆ, ಯಾರ ಕೈಯೂ ತಾಕದ ಲೋಟದಲ್ಲಿ, ನೀರಿನ ಮೇಲ್ಮೈಯಲ್ಲಿ ಬಹು ತೆಳುವಾದ ವೃತ್ತಗಳು ನಡುವಿನಿಂದ ಅಂಚಿಗೆ ಸರಿದುಹೋದುವು. ಒಂದು ಕ್ಷಣ ಶಾಂತವಾಗಿ ಮತ್ತೆ ಸರಿದುವು. “ಕೆಳಗೆ ಭಾರದ ಗಾಡಿಗಳು ಹೋದಾಗಲೆಲ್ಲ ಹೀಗೆ ಆಗುತ್ತೆ ಮಾವ, ಹೆದರಬೇಡಿ, ಬಗ್ಗೋದಕ್ಕೆ ಅಂತಲೇ ಉಕ್ಕು” ಎಂದು ಅವನು ಎಂಜಿನಿಯರನಿಗೆ ಸಹಜವಾದ ವಿಶ್ವಾಸದಿಂದ ಹೇಳಿದನು. ಹೆದರಿಕೆ ನನಗಿರಲಿಲ್ಲ. ಅದೇ ಗಾಡಿ ಇನ್ನರ್ಧ ನಿಮಿಷದಲ್ಲಿ ಸಂತ ಮಾರ್ಟಿನನ ಗೋಡೆಯಿಂದ ಕೆಲವೇ ಮಾರು ದೂರದಲ್ಲಿ ಹಾದುಹೋಗುವುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ಉಕ್ಕು ಬಗ್ಗಿಕೊಳ್ಳುತ್ತದೆ, ಐದಾರು ನೂರು ವರ್ಷಗಳ ಕಲ್ಲುಗಾರೆಗೆ ಆ ಗುಣವಿಲ್ಲ. ವಾಹನಗಳ ಕಂಪನದಿಂದ ಆ ದೇವಾಲಯದ ಅಡಿಪಾಯಕ್ಕೆ ಒದಗಿರುವ ಹಾನಿ ಅಲ್ಲಿಯ ಶಿಲ್ಪಶಾಸ್ತ್ರಜ್ಞರ ದೀರ್ಘಕಾಲದ ಚಿಂತೆ.

ಇನ್ನೊಂದನ್ನು ಗಮನಿಸಿದೆ. ಇಷ್ಟು ಎತ್ತರದಿಂದ ಇಡೀ ಊರು ಕಾಣುತ್ತಿರುವಾಗ ಬೆಳಗ್ಗೆ ನೋಡಿದ ಕರಿಯ ಗೋಡೆ ಎಲ್ಲಿದೆಯೆಂದು ಹುಡುಕಿದರೆ ಅದು ಕಾಣಲೊಲ್ಲದು. ರಸ್ತೆಯ ಇಳಿಜಾರಿನ ಮಗ್ಗುಲಿಗೆ, ಮರಗಳ ನಡುವೆ, ಅದು ಕಣ್ಣಿಗೆ ತಪ್ಪಿಹೋಗುತ್ತದೆ. ಕಾಣುವುದು ರಸ್ತೆ, ಉದ್ದನೆಯ, ಬೆಳಕಿನ, ಎಲ್ಲಿಯೂ ತಡೆಯಿಲ್ಲದ ರಸ್ತೆ. ಆ ಬೆಳಕಿನ ಧಾರೆ ಕೋಟೆಗೂ ದೇವಾಲಯಕ್ಕೂ ನಡುವೆ ಹರಿಯುವ ಚೆಲುವು ಎಷ್ಟೆಂದರೆ, ಸಿನಗಾಗಿನ ವಿಚಾರ ತಿಳಿಯದೆ ಬಂದ ಪ್ರವಾಸಿಕನು ಆ ರಸ್ತೆಯೇ ಊರಿನ ಮೂಲ ಸೂತ್ರವೆಂದು ಭಾವಿಸಿ ತೃಪ್ತನಾಗಿ ಇಳಿದುಹೋಗಬಹುದು. ಅದು ಅವನ ಅಪರಾಧವಲ್ಲ. ಎತ್ತರವು ಇದ್ದುದನ್ನು ತೋರಿಸಬಲ್ಲುದು. ಇಲ್ಲವಾದುದನ್ನು ತೋರಿಸಲು ಅದರ ಕೈಲಾಗದು. ಅದಕ್ಕೆ ಕೆಳಗಿಳಿದು ಬೀದಿಯಲ್ಲಿ ನಡೆಯಲೇಬೇಕು.

ಮರುದಿನ ನಗರದ ಇತರ ಪ್ರಸಿದ್ಧ ಕಟ್ಟಡಗಳನ್ನು ನೋಡಿದೆವು. ಸ್ಲೊವಾಕ್ ರೇಡಿಯೋ ಭವನ ತಲೆಕೆಳಗಾದ ಪಿರಮಿಡ್ಡು; ೧೯೬೭ರಿಂದ ೧೯೮೩ರವರೆಗೆ ಕಟ್ಟಿದ, ೮೦ ಮೀಟರು ಎತ್ತರದ ಆ ಸೌಧ ಮೇಲೆ ಹೋದಂತೆಲ್ಲ ಹಿಗ್ಗುತ್ತ ಹೋಗುತ್ತದೆ. ಪರದೇಶದ ಪತ್ರಿಕೆಗಳು ಅದನ್ನು ಪ್ರಪಂಚದ ಕುರೂಪ ಕಟ್ಟಡಗಳ ಪಟ್ಟಿಗೆ ಸೇರಿಸಿದ್ದುಂಟು. ನನಗೆ ಅದು ಕುರೂಪವೆನಿಸಲಿಲ್ಲ. ಒಳಗೆ ದೊಡ್ಡ ಆರ್ಗನ್ ವಾದ್ಯವಿರುವ ಸಂಗೀತಸಭಾಂಗಣವನ್ನು ಹೊರಗಿನ ಸದ್ದಿನಿಂದ ಕಾಪಾಡಿಕೊಂಡು, ತನ್ನ ವಿಚಾರವನ್ನು ಮುಚ್ಚುಮರೆಯಿಲ್ಲದೆ ಹೇಳುವ ಕಟ್ಟಡವೆನಿಸಿತು. ಅಲ್ಲಿಂದ ನಡೆದು ಸಂತ ಎಲಿಜಬೆತ್ತಳ ಇಗರ್ಜಿಗೆ ಹೋದೆವು. ಹಂಗೆರಿಯ ಓಡನ್ ಲೆಖ್ನರ್ ಎಂಬ ಮಹಾಶಿಲ್ಪಿ ರಚಿಸಿ, ೧೯೧೩ರಲ್ಲಿ ಪ್ರತಿಷ್ಠೆಗೊಂಡ ಈ ಪುಟ್ಟ ಇಗರ್ಜಿಯನ್ನು ಊರವರು ನೀಲಿ ಇಗರ್ಜಿ ಎನ್ನುತ್ತಾರೆ. ಗೋಡೆ ತಿಳಿನೀಲಿ, ಗಾರೆಯ ಅಂಚು ಬಿಳಿನೀಲಿ, ಮಾಡಿನ ಹೆಂಚು ಮೆರುಗಿನ ನೀಲಿ, ಒಳಗೆ ಜನ ಕುಳಿತುಕೊಳ್ಳುವ ಪೀಠಗಳೂ ನೀಲಿಯೇ. ಗೋಡೆಗೆ ಅಂಟಿಸಿದ ಪಿಂಗಾಣಿಯ ಬಿಲ್ಲೆಗಳನ್ನು ಹತ್ತಿರದಿಂದ ನೋಡಿದರೆ ಪ್ರತಿಯೊಂದರ ಹೊಳಪಿನಲ್ಲಿಯೂ ಕೂದಲೆಳೆಯಂಥ ಬಿರುಕುಗಳ ಜಾಲ. ನೂರು ವರ್ಷದ ಚಳಿ ಬಿಸಿಲುಗಳು ಬರೆದದ್ದು. ಆ ಹೊತ್ತಿನಲ್ಲಿ ಒಬ್ಬ ಹೆಂಗಸು ಬಾಗಿಲ ಬಳಿಯ ಮೆಟ್ಟಿಲುಗಳನ್ನು ಒದ್ದೆಬಟ್ಟೆಯಿಂದ ಒರೆಸುತ್ತಿದ್ದಳು. ನಾವು ಕಾಲಿಡಬಹುದೇ ಎಂದು ಸನ್ನೆಯಿಂದ ಕೇಳಲಾಗಿ ನಕ್ಕು ಒಣಗಿದ ಒಂದು ಬದಿಯನ್ನು ತೋರಿಸಿದಳು. ಊರಿನ ಭಾಗ್ಯವಿರುವುದು ಇಂಥ ಕಟ್ಟಡಗಳಲ್ಲೆಂದು ನಾನು ನಂಬುತ್ತೇನೆ: ಎತ್ತರದಲ್ಲಿ ಸಾಧಾರಣವಾಗಿ, ಯಾರನ್ನೂ ಒಕ್ಕಲೆಬ್ಬಿಸದೆ, ನೆರೆಯವರ ನಡುವೆ ನಿಂತು, ಬಣ್ಣವೊಂದರಿಂದಲೇ ನೂರು ವರ್ಷ ಜನರ ಪ್ರೀತಿಯನ್ನು ಉಳಿಸಿಕೊಂಡುವು.

ಆ ಮಧ್ಯಾಹ್ನ ಕಮ್‌ಜೀಕ್ ಗುಡ್ಡಕ್ಕೆ ಹೋದೆವು. ಬೀಚ್ ಮರಗಳ ಕಾಡಿನಲ್ಲಿ ತಾಮ್ರವರ್ಣದ ಎಲೆಗಳು ಮೊಣಕಾಲಿನವರೆಗೆ ಬಿದ್ದಿದ್ದುವು. ಗುಡ್ಡದ ತಲೆಯಲ್ಲಿ ೧೯೭೫ರಲ್ಲಿ ಪೂರ್ತಿಯಾದ, ೧೯೦ ಮೀಟರಿಗೂ ಮಿಕ್ಕಿದ ದೂರದರ್ಶನ ಗೋಪುರ, ನೂಲುವ ಕದಿರಿನಂತೆ ಎರಡು ತುದಿಗೂ ಚೂಪಾಗಿ ನಿಂತಿದೆ. ಅಲ್ಲಿಯೂ ಭೋಜನಶಾಲೆಯುಂಟು, ಅದರಲ್ಲಿ ಒಂದು ಅಂತಸ್ತು ಮೆಲ್ಲನೆ ಸುತ್ತುವಂಥದು. ಒಂದು ಬಟ್ಟಲು ಕಾಫಿ ಮುಗಿಯುವುದರೊಳಗೆ ದ್ರಾಕ್ಷಿಯ ತೋಟಗಳೂ ಊರೂ ನದಿಯೂ ಕಾಡೂ ಒಂದಾದ ಮೇಲೊಂದು ಕಿಟಕಿಯ ಮುಂದೆ ಸರಿದುವು. ಇಲ್ಲಿಂದ ಸೇತುವೆ ಬೆರಳಿನಷ್ಟು ಚಿಕ್ಕದು. ದೃಶ್ಯ ವಿಶಾಲವಾದರೂ ಮನಸ್ಸಿಗೆ ಹಿಡಿಸಲಿಲ್ಲ. ತಾನಾಗಿಯೇ ತಿರುಗುವ ನೆಲದ ಮೇಲೆ ಕುಳಿತಾಗ ಯಾವುದನ್ನೂ ಬೇಕಾದಷ್ಟು ಹೊತ್ತು ನೋಡುವ ಸ್ವಾತಂತ್ರ್ಯ ನಮಗಿರುವುದಿಲ್ಲ.

ನಾನು ಹೊರಡುವ ಹಿಂದಿನ ರಾತ್ರಿ ನೆರೆಮನೆಯ ವೃದ್ಧೆ ನಮ್ಮನ್ನು ಊಟಕ್ಕೆ ಕರೆದರು. ಎಪ್ಪತ್ತು ದಾಟಿದ ವಿಧವೆ, ನಿವೃತ್ತ ಶಾಲಾಶಿಕ್ಷಕಿ. ಸೋದರಳಿಯನ ಮಕ್ಕಳು ಅವರನ್ನು ಅಜ್ಜಿ ಎಂದೇ ಕರೆಯುತ್ತಾರೆ. ಆಕೆ ನನಗಾಗಿ ಹಲುಶ್ಕಿ ಮಾಡಿದ್ದರು: ತುರಿದ ಆಲೂಗಡ್ಡೆಗೆ ಹಿಟ್ಟು ಬೆರಸಿ, ಕುದಿಯುವ ನೀರಿಗೆ ಸಣ್ಣ ಸಣ್ಣ ತುಣುಕಾಗಿ ಉದುರಿಸಿ ಬೇಯಿಸಿ, ಅದರ ಮೇಲೆ ಕುರಿಯ ಹಾಲಿನ ‘ಬ್ರಿಂಡ್ಜಾ’ ಎಂಬ ಉಪ್ಪು ಗಿಣ್ಣವನ್ನು ಕಲಸಿದ ಅಡಿಗೆ. ವಾಡಿಕೆಯಂತೆ ಮೇಲೆ ಹಂದಿಮಾಂಸದ ಚೂರುಗಳನ್ನು ಹುರಿದು ಹಾಕಬೇಕಂತೆ. ನನ್ನ ತಟ್ಟೆಗೆ ಆಕೆ ಈರುಳ್ಳಿಯನ್ನು ಹೊಂಬಣ್ಣಕ್ಕೆ ಹುರಿದು ಹಾಕಿದ್ದರು. ಆಮೇಲೆ ಬಂದುದು ಗಸಗಸೆಯ ಹೂರಣ ತುಂಬಿ ಬಾಗಿಸಿ ಸುಟ್ಟ, ಆ ಊರಿನ ಹೆಸರನ್ನೇ ಹೊತ್ತ ‘ರೊಝೋಕ್’. ಕಪ್ಪು ಗಸಗಸೆ, ನಮ್ಮದರಂತೆ ಬಿಳಿಯದಲ್ಲ. ನಮ್ಮ ಕಡೆ ಇದರಿಂದ ಪಾಯಸ ಮಾಡುತ್ತಾರೆ, ಕುಡಿದವರಿಗೆ ಮಧ್ಯಾಹ್ನ ನಿದ್ದೆ ಖಂಡಿತ ಎಂದು ಹೇಳಿದಾಗ ಆಕೆಗೆ ಬಹು ಸಂತೋಷವಾಗಿ ಮಾಡುವ ಕ್ರಮವನ್ನು ಕೇಳಿ ಬರೆದುಕೊಂಡರು.

ಸೇತುವೆಯ ಮೇಲಿನ ಊಟದ ಸುದ್ದಿ ಬಂದಿತು. ಆಕೆ ಹೇಳಿದುದನ್ನು ಸೋದರಳಿಯ ಕನ್ನಡಕ್ಕೆ ತಿರುಗಿಸುತ್ತ ಹೋದನು. ಮದುವೆಗೆ ಮುಂಚೆ, ಆ ಭೋಜನಶಾಲೆ ಹೊಸದಾಗಿದ್ದಾಗ, ಗಂಡನಾಗಲಿದ್ದಾತ ತನ್ನನ್ನು ಅಲ್ಲಿಗೆ ಕಾಫಿಗೆ ಕರೆದೊಯ್ದನಂತೆ. ಅವನ ಅಣ್ಣ ೧೯೬೮ರ ಆಗಸ್ಟಿನಲ್ಲಿ ರಷ್ಯದ ಟ್ಯಾಂಕುಗಳು ಊರಿನೊಳಗೆ ಬಂದ ಮೇಲೆ ಗಡಿ ದಾಟಿ ಆಸ್ಟ್ರಿಯಾಕ್ಕೆ ಹೋಗಿದ್ದನು. ಮರಳಿ ಬರುವಂತಿರಲಿಲ್ಲ, ಇವರು ಅಲ್ಲಿಗೆ ಹೋಗುವಂತಿರಲಿಲ್ಲ. “ಎಲ್ಲರೂ ಊರಿನ ಕಡೆಯ ಕಿಟಕಿಗೆ ಮುಗಿಬೀಳುತ್ತಿದ್ದರು. ಅವರು ಮಾತ್ರ ಪಶ್ಚಿಮದ ಕಿಟಕಿಯ ಹತ್ತಿರ ಕೂತರು. ಕಾಣಿಸುತ್ತಿದ್ದುದು ಬರೀ ಹೊಲ. ಅಣ್ಣ ಇದ್ದ ಊರು ಆ ಹೊಲಗಳ ಆಚೆ ಅಂತ ಬೆರಳು ಕೂಡ ತೋರಿಸಲಿಲ್ಲ. ಪಕ್ಕದ ಮೇಜಿನಲ್ಲಿ ಯಾರು ಕೂತಿದಾರೋ ಅಂತ.” ಪೆಟರ್ಝಲ್ಕಾದ ಹೊರವಲಯವನ್ನು ದಾಟಿದರೆ ಗಡಿ, ಅಲ್ಲಿ ತಂತಿಬೇಲಿ, ಕಾವಲುಗೋಪುರ. ಸಮತಾವಾದದ ಸಾಧನೆಯನ್ನು ಪ್ರಪಂಚಕ್ಕೆ ಮೆರೆಸಲೆಂದು ಎಬ್ಬಿಸಿದ ಆ ಎತ್ತರದ ಭೋಜನಶಾಲೆ, ನಿಷಿದ್ಧವಾದ ಆಚೆಯ ನಾಡನ್ನು ಒಂದು ಬಟ್ಟಲು ಕಾಫಿಗೆ ತೋರಿಸುತ್ತಿತ್ತು. ೧೯೮೯ರ ಡಿಸೆಂಬರಿನಲ್ಲಿ ಬೇಲಿ ಬಿದ್ದಾಗ ಸಾವಿರ ಸಾವಿರ ಜನ ಕಾಲ್ನಡಿಗೆಯಲ್ಲಿ ಆಸ್ಟ್ರಿಯಾದ ಹೈನ್‌ಬುರ್ಗ್ ಊರಿಗೆ ಹೋದರಷ್ಟೆ. ಈ ದಂಪತಿಗಳೂ ಅವರಲ್ಲಿದ್ದರು. ಮೇಲಿನಿಂದ ಕಂಡಿದ್ದ ಹೊಲಗಳ ಕೆಸರು ಚಪ್ಪಲಿಗೆ ಅಂಟಿದಾಗ ಗಂಡ ಅದನ್ನು ಒರೆಸಗೊಡಲಿಲ್ಲವೆಂದು ಹೇಳಿ ಆಕೆ ಸ್ವಲ್ಪ ಹೊತ್ತು ಸುಮ್ಮನಾದರು.

ಸಿನಗಾಗನ್ನು ನೋಡಿದ್ದಿರಾ ಎಂದು ನಾನು ಕೇಳಿದೆ. ನೋಡಿದ್ದರು, ಕೆಡವಿದ್ದನ್ನೂ ನೋಡಿದ್ದರು. ಆಗ ಆಕೆಗೆ ಹದಿನೆಂಟು. ಕಾಲೇಜಿಗೆ ಟ್ರಾಮಿನಲ್ಲಿ ಹೋಗುವಾಗ ಒಂದು ಗೋಪುರವಿತ್ತು; ಮತ್ತೊಂದು ವಾರ ಹೋಗುವಾಗ ಇರಲಿಲ್ಲ. ಟ್ರಾಮಿನಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಹಾಗಾದರೆ ಸೇತುವೆಯ ಮೇಲೆ ನಿಮಗೆ ಕೋಪವಿಲ್ಲವೇ ಎಂಬ ನನ್ನ ಪ್ರಶ್ನೆಗೆ ಆಕೆ ತಲೆಯಾಡಿಸಿ, ಕೈಯಿಂದ ಸುತ್ತಲಿನ ಗೋಡೆಗಳನ್ನು ತೋರಿಸಿದರು. ಮದುವೆಯಾದ ಮೇಲೆ ಅತ್ತೆಯ ಮನೆಯ ಅಡಿಗೆಕೋಣೆಯಲ್ಲಿ ಮಲಗುತ್ತಿದ್ದರಂತೆ. ಸೇತುವೆಯಾದುದರಿಂದ ಪೆಟರ್ಝಲ್ಕಾ ಬೆಳೆಯಿತು, ಪೆಟರ್ಝಲ್ಕಾ ಬೆಳೆದುದರಿಂದ ಅವರಿಗೆ ಬಿಸಿನೀರು ಬರುವ, ಬಾಗಿಲು ಹಾಕಿಕೊಳ್ಳಬಹುದಾದ ಸ್ವಂತ ಮನೆ ಸಿಕ್ಕಿತು. ಮಕ್ಕಳು ಇಲ್ಲಿಯೇ ಹುಟ್ಟಿದರು. “ಸೇತುವೆ ಬೇಕಾಗಿತ್ತು. ರಸ್ತೆಯನ್ನು ಸ್ವಲ್ಪ ಬಳಸಿ ತರಬಹುದಾಗಿತ್ತು. ಎರಡೂ ನಿಜವೇ.” ಈ ಮಾತನ್ನು ಸೋದರಳಿಯ ಎರಡು ಸಲ ಕೇಳಿಸಿಕೊಂಡು, ತೂಗಿ ನೋಡಿ ನನಗೆ ಹೇಳಿದನು. ಭೋಜನಶಾಲೆಯಲ್ಲಿ ಕುಳಿತು ನಾನು ಬಿಡಿಸಲಾರದೆ ಹೋದ ಗಂಟನ್ನು ಆಕೆ ಬಿಡಿಸಲಿಲ್ಲ. ಗಂಟನ್ನು ಹಾಗೆಯೇ ಕೈಯಲ್ಲಿ ಹಿಡಿದು ಐವತ್ತು ವರ್ಷ ಬಾಳಿದ್ದರು.

ನಿಮ್ಮ ಊರಿನಲ್ಲಿ ಹೇಗೆ ಎಂದು ಆಕೆ ಕೇಳಿದರು. ನಾನು ಲ್ಯಾನ್ಸ್‌ಡೌನ್ ಕಟ್ಟಡದ ವಿಚಾರ ಹೇಳಿದೆ: ೧೮೯೨ರದು, ಅದರ ಕಮಾನುಗಳ ನೆರಳಿನಲ್ಲಿ ಹಳೆಯ ಪುಸ್ತಕದ ಅಂಗಡಿಗಳಿದ್ದುದು, ಮೈಸೂರಿನಲ್ಲಿ ಓದಿದವರೆಲ್ಲರ ವಿದ್ಯಾಭ್ಯಾಸದಲ್ಲಿ ಆ ಅಂಗಡಿಗಳ ಪಾಲು ಇದ್ದುದು, ೨೦೧೨ರಲ್ಲಿ ಒಂದು ಭಾಗ ಕುಸಿದು ಜೀವಹಾನಿಯಾದುದು, ಅಂಗಡಿಯವರು ಚದುರಿಹೋದುದು. ಅದರ ಮಗ್ಗುಲಿನ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ೨೦೧೬ರಲ್ಲಿ ಬಿದ್ದುದು. ಕೆಡವಿ ಕಟ್ಟಬೇಕೆಂಬವರೂ ದುರಸ್ತಿ ಮಾಡಿ ಉಳಿಸಬೇಕೆಂಬವರೂ ನ್ಯಾಯಾಲಯದವರೆಗೆ ಹೋದುದು. ಉಳಿಸಬೇಕೆಂಬವರ ಪಕ್ಷದಲ್ಲಿ ನಾನಿರುವುದನ್ನೂ ಮುಚ್ಚಿಡಲಿಲ್ಲ. ಆಕೆ ಶಿಕ್ಷಕಿಯ ಧಾಟಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಆ ಮಾರುಕಟ್ಟೆಯಲ್ಲಿ ಯಾವ ಮಳಿಗೆ ಯಾರದು, ಎಂದಿನಿಂದ ಇದೆ, ಅವರು ಎಲ್ಲಿಂದ ಬಂದವರು ಎಂಬುದನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ? ಸಿನಗಾಗಿನ ಛಾಯಾಚಿತ್ರಗಳು ಬೇಕಾದಷ್ಟು ಉಳಿದುವು, ಆದುದರಿಂದಲೇ ಕಲ್ಲಿನ ಮೇಲೆ ಕೊರೆಯಲು ಸಾಧ್ಯವಾಯಿತು. ಕೇರಿಯ ಯಾವ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು, ಯಾವುದರಲ್ಲಿ ರೊಟ್ಟಿ ಸುಡುತ್ತಿದ್ದರು ಎಂಬುದನ್ನು ಬಲ್ಲವರನ್ನು ಮೊದಲೇ ಕೊಂದಿದ್ದರು, ಉಳಿದವರನ್ನು ಕೇಳುವ ಮನಸ್ಸು ತಮಗೆ ಯಾರಿಗೂ ಬರಲಿಲ್ಲ ಎಂದರು.

ಊರಿಗೆ ಹಿಂದಿರುಗಿದ ಮೇಲೆ ವಾರಕ್ಕೆ ಎರಡು ಬೆಳಗು ನಾನು ಮಾರುಕಟ್ಟೆಗೆ ಹೋಗುತ್ತಿದ್ದೇನೆ. ಮಲ್ಲಿಗೆ ಕಟ್ಟುವವರ ಸಾಲಿನಿಂದ ಆರಂಭಿಸಿ, ವೀಳೆಯದೆಲೆಯ ಕಟ್ಟೆ, ಬಾಳೆಹಣ್ಣಿನ ಮಂಡಿ, ಕುಂಕುಮದ ರಾಶಿಗಳನ್ನು ಗೋಪುರದಂತೆ ತಿದ್ದಿಡುವವರ ಅಂಗಡಿಗಳವರೆಗೆ ಬಂದಿದ್ದೇನೆ. ಮೊದಮೊದಲು ನನ್ನ ಪುಸ್ತಕ ಪೆನ್ಸಿಲನ್ನು ಕಂಡು ಪಾಲಿಕೆಯವನೆಂದು ತಿಳಿದು ಬಾಯಿಬಿಡದಿದ್ದವರು ಈಗ ಮಣೆ ಕೊಟ್ಟು ಕೂರಿಸುತ್ತಾರೆ. ವೀಳೆಯದೆಲೆಯ ವ್ಯಾಪಾರಿಯೊಬ್ಬರು ಮೊನ್ನೆ, “ನಮ್ಮ ತಾತನ ಹೆಸರು ಬರೆದುಕೊಂಡಿರಿ ಸ್ವಾಮಿ, ಸರಿ, ಅಜ್ಜಿ ಹೆಸರೂ ಬರೀರಿ, ಕಟ್ಟೆ ನಡೆಸಿದ್ದು ಅವಳೇ” ಎಂದು ತಮ್ಮ ವಂಶಾವಳಿಯನ್ನು ಹೇಳತೊಡಗಿದರು, ಗಿರಾಕಿಗಳು ಕಾಯುತ್ತಿದ್ದುದರಿಂದ ಅದು ಅರ್ಧಕ್ಕೆ ನಿಂತಿದೆ, ಉಳಿದುದನ್ನು ಗುರುವಾರ ಹೇಳುವುದಾಗಿ ಮಾತು ಕೊಟ್ಟಿದ್ದಾರೆ.